ಅಂಗಿ ಮೂಸುತ್ತಿದ್ದ ಆಚೆಮನೆ ಅಕ್ಕ

ಮೊನ್ನೆ ನಮ್ಮ ವಠಾರದ ಜಗುಲಿಯ ತಂತಿಯಲ್ಲಿ ಒಂದು ಅಂಗಿ ಒಣಗುತ್ತಿತ್ತು. ಹಾದು ಹೋಗುವಾಗ ಉಪ್ಪುನೀರು, ಡೀಸೆಲ್, ರಬ್ಬರು ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಯಲ್ಲಾಪುರದಲ್ಲಿ ಸಮುದ್ರ ಎಲ್ಲಿಂದ ಬರಬೇಕು? ಆ ವಾಸನೆ ಇರುವುದು ಒಂದೇ ಮನೆಯಲ್ಲಿ, ಆಚೆಮನೆ ಅಕ್ಕನ ಮನೆಯಲ್ಲಿ...

ನಾನು ಮದುವೆಯಾಗಿ ಈ ವಠಾರಕ್ಕೆ ಬಂದಾಗ ನಮಗೂ ಅವಳಿಗೂ ನಡುವೆ ಒಂದು ಗೋಡೆ. ಅವಳ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಭಾವನಿಗೆ ಕರಾವಳಿಯಲ್ಲಿ ಕೆಲಸ. ನಡುಗಡ್ಡೆಯ ಹತ್ತಿರ ನೀರಿನಡಿಯ ಹವಳ ನೋಡಲು ಹೋಗುವವರ ಬೋಟಿನಲ್ಲಿ ಇರುತ್ತಿದ್ದರು, ವಾರಕ್ಕೊಮ್ಮೆ ಊರಿಗೆ. ಬಂದವರನ್ನು ಅಕ್ಕ ಮೆಟ್ಟಿಲ ಮೇಲೇ ನಿಲ್ಲಿಸಿ ಅಂಗಿ ಮೂಸುತ್ತಿದ್ದಳು. ತಲೆತಲಾಂತರದಿಂದ ಮೀನು ಮುಟ್ಟದ ಮನೆ ಅದು. ಗಂಡ ಅಲ್ಲಿ ಮೀನು ತಿನ್ನುತ್ತಾನೆ ಎಂಬ ಗುಮಾನಿ ಅವಳಿಗೆ. ಭಾವ ಗಲ್ಲ ಎತ್ತಿ, ಹೆಗಲು ಮುಂದೆ ಮಾಡಿ ಸುಮ್ಮನೆ ನಿಲ್ಲುತ್ತಿದ್ದರು. ಅವಳನ್ನು ನೋಡಿ ನೋಡಿ ನಾನೂ ಬ್ಯಾಂಕಿನಿಂದ ಬರುವ ನನ್ನ ಗಂಡನ ಅಂಗಿ ಮೂಸಲು ಶುರುಮಾಡಿದ್ದೆ. ಅನುಮಾನಕ್ಕೆ ಗೋಡೆ ದಾಟುವುದು ಕಷ್ಟವಲ್ಲ.

ಒಂದು ಬೇಸಿಗೆ ಭಾವ ವಾರಗಟ್ಟಲೆ ಬರಲಿಲ್ಲ. ಸಮುದ್ರ ಕಾದು ಹವಳವೆಲ್ಲ ಬೆಳ್ಳಗಾಗಿದೆ, ಅದನ್ನು ಅಧ್ಯಯನ ಮಾಡುವವರು ಬಂದು ಬೋಟು ಬಾಡಿಗೆಗೆ ಹಿಡಿದಿದ್ದಾರೆ ಎಂದು ಭಾವನ ಫೋನು ಬಂತು. ಅಕ್ಕ ತನ್ನ ತಾಳಿಯ ಹವಳವನ್ನು ನನ್ನ ಮುಂದೆ ಹಿಡಿದಳು.

"ನೋಡು, ಇಷ್ಟು ವರ್ಷ ಬೆವರಲ್ಲಿ ನೆಂದ್ರೂ ಕೆಂಪಗೇ ಇದ್ದು. ಸಮುದ್ರದ್ದು ಬೆಳ್ಳಗಾತಡ. ಸುಳ್ಳಿಗೂ ಒಂದು ಹದ ಇರವು."

ಈಗ ಮೀನಿನ ಜೊತೆಗೆ ಇನ್ನೊಬ್ಬ ಹೆಂಗಸೂ ಅವಳ ತಲೆಯೊಳಗೆ ಹೊಕ್ಕಿದ್ದಳು. ಕೊನೆಗೆ ಭಾವ ಬಂದ ದಿನ ಅವರ ಬಟ್ಟೆಬರೆ ತುಂಬಿದ ಚೀಲ ಮೆಟ್ಟಿಲ ಮೇಲಿತ್ತು, ಬಾಗಿಲು ಹಾಕಿತ್ತು. ಅವರು ಕೂಗಲಿಲ್ಲ, ಜಗಳ ಆಡಲಿಲ್ಲ. ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಜಗಳ ಆಡದ್ದಕ್ಕೇ ಅಕ್ಕನ ಅನುಮಾನ ಇನ್ನೂ ಬಲಿಯಿತು. ನನಗೆ ಹೆದರಿಕೆಯಾಯಿತು, ಸಂಸಾರ ಒಂದು ಇಷ್ಟು ಸುಲಭದಲ್ಲಿ ಮುಗಿಯುತ್ತದೆಯೇ ಎಂದು.

ಸ್ವಲ್ಪ ದಿನ ಕಳೆದು ಅಕ್ಕನೇ ಬಂದು, "ಬಾ ಮಾರಾಯ್ತಿ, ನೋಡ್ಕಂಡೇ ಬಪ್ಪನ" ಎಂದಳು. ಕರಾವಳಿಯ ಬಸ್ಸು ಅರಬೈಲ್ ಘಾಟಿ ಇಳಿಯುವ ತನಕ ಲಿಂಬೆಹಣ್ಣು ಮೂಸುತ್ತ ಕೂತಿದ್ದಳು. ನಮ್ಮನ್ನು ಕಂಡ ಭಾವ ಏನೂ ಕೇಳದೆ ಲೈಫ್ ಜಾಕೆಟ್ ಕೊಟ್ಟು ಬೋಟು ಹತ್ತಿಸಿದರು. ಬೋಟಿನಲ್ಲಿ ಬೇರೆ ಹೆಂಗಸು ಇದ್ದಾಳೆಯೇ ಎಂದು ಅಕ್ಕ ಮೊದಲು ಸುತ್ತ ನೋಡಿದಳು. ನಡುಗಡ್ಡೆಯ ಹತ್ತಿರ ಭಾವ ತಳಕ್ಕೆ ಗಾಜು ಕೂಡಿಸಿದ ಡಬ್ಬಿಯನ್ನು ನೀರಿನ ಮೇಲೆ ಒತ್ತಿ ಹಿಡಿದರು. ಅವಳು ಬಗ್ಗಿದಳು, ಅವಳ ನಂತರ ನಾನು. ಕೆಳಗೆ ಅಷ್ಟಗಲ ಬಿಳಿ... ಅದರ ನಡುವೆ ಬಣ್ಣದ ಮೀನುಗಳು ಓಡಾಡುತ್ತಿದ್ದವು.

"ಸುಣ್ಣ ಬಳದ್ದಲ್ಲ ಅಲ್ದಾ?" ಎಂದಳು ಅಕ್ಕ.

ಭಾವ ನಿಧಾನವಾಗಿ ಹೇಳಿದರು. ಇದು ನಿನ್ನ ತಾಳಿಯ ಹವಳದ ಜಾತಿಯಲ್ಲ, ಅದರ ಕೆಂಪು ಕಲ್ಲಿನಲ್ಲೇ ಇರುವುದು. ಇದರ ಬಣ್ಣ ಇದರ ಮೈಯೊಳಗಿರುವ ಕಣ್ಣಿಗೆ ಕಾಣದ ಪಾಚಿಯದು. ಪಾಚಿ ಬಿಸಿಲಲ್ಲಿ ಅಡುಗೆ ಮಾಡಿ ಹವಳದ ಹುಳುವಿಗೆ ಉಣಿಸುತ್ತದೆ. ನೀರು ತುಸು ಹೆಚ್ಚು ಕಾದು ಹಾಗೇ ವಾರಗಟ್ಟಲೆ ನಿಂತರೆ, ಹವಳ ಆ ಪಾಚಿಯನ್ನೇ ಹೊರಗೆ ದಬ್ಬುತ್ತದೆ.

"ಉಣಿಸಿದವ್ರನ್ನೇ ಹೊರಗೆ ಹಾಕ್ತಾ ಅದು?"

"ಬಿಸಿ ತಡ್ಕಂಬಲೆ ಆಗ್ತಿಲ್ಲೆ ಅದಕ್ಕೆ."

"ಈಗ ಸತ್ತೋತಾ ಹಂಗಾರೆ?"

"ಸತ್ತಿದ್ದಿಲ್ಲೆ. ಹಸದು ಕೂತಿದ್ದು. ನೀರು ಬೇಗ ತಂಪಾದ್ರೆ ಪಾಚಿ ತಿರುಗಿ ಬತ್ತು. ತಡ ಆದ್ರೆ ಇಲ್ಲೆ."

ಅಕ್ಕ ಮತ್ತೊಮ್ಮೆ ಡಬ್ಬಿಗೆ ಬಗ್ಗಿದಳು, ಬಹಳ ಹೊತ್ತು ಏಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಆಡಿದಳು: "ಬೆಳ್ಳಗಾಗಿದ್ದು ಖರೆ. ಮೀನಿನ ಸುದ್ದಿ ಬೇರೆ."

ಮಳೆ ಹಿಡಿದು ಬೋಟು ದಡಕ್ಕೆ ಹತ್ತಿದ ಮೇಲೆ ಭಾವ ಅದೇ ಚೀಲ ಹಿಡಿದು ಬಂದರು. ಬಾಗಿಲು ತೆರೆದೇ ಇತ್ತು. ಅಕ್ಕ ಹೊರಗೆ ಬಂದು ಅಂಗಿ ಮೂಸಿ, "ಕೈಕಾಲು ತೊಳ್ಕಂಡು ಬನ್ನಿ, ಬಡಸ್ತೆ" ಎಂದಳು. ಗೋಡೆಯ ಈಚೆ ನಿಂತಿದ್ದ ನನಗೆ ಅಳು ಬಂತು. ಆ ವರ್ಷ ಹವಳಕ್ಕೂ ಬಣ್ಣ ಮರಳಿತು ಎಂದು ಭಾವ ಹೇಳಿದ್ದರು. ಅಕ್ಕ ಅದನ್ನೂ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಕಳೆದ ಚಳಿಗಾಲದಲ್ಲಿ ಕೆಮ್ಮೆಂದು ಮಲಗಿದ ಅಕ್ಕ ಮತ್ತೆ ಏಳದೆ ತೀರಿಹೋದಳು. ಡಾಕ್ಟರ ಗುಳಿಗೆಯನ್ನೂ ಮೂಸಿಯೇ ನುಂಗಿದ್ದಳು...

ಮೊನ್ನೆ ಕಂಡ ಆ ಅಂಗಿ ತಂತಿಗೆ ಬೀಳುವ ಹಿಂದಿನ ಸಂಜೆ ಭಾವ ಕರಾವಳಿಯಿಂದ ಬಂದಿದ್ದರು. ಈ ಬೇಸಿಗೆಯೂ ಹವಳ ಬೆಳ್ಳಗಾಗಿತ್ತೇ ಎಂದು ಜಗುಲಿಯಲ್ಲಿ ನಿಂತು ಕೇಳಿದೆ.

"ಆಗಿತ್ತು. ಈ ಸಲ ತಂಪಾಗೂದು ತಡ ಆತು. ಸುಮಾರು ಹೋತು."

ಅಷ್ಟು ಹೇಳಿ ಅವರು ತಮ್ಮ ಮನೆಯ ಮೆಟ್ಟಿಲು ಹತ್ತಿದರು. ಹತ್ತಿ, ಮುಚ್ಚಿದ ಬಾಗಿಲ ಮುಂದೆ ಗಲ್ಲ ಎತ್ತಿ, ಹೆಗಲು ಮುಂದೆ ಮಾಡಿ ನಿಂತರು. ನಾನು ನೋಡುತ್ತಿದ್ದೇನೆ ಎಂಬುದು ಅವರಿಗೆ ಮರೆತೇ ಹೋಗಿತ್ತು. ಒಂದು ಗಳಿಗೆ ಹಾಗೇ ನಿಂತಿದ್ದು, ಆಮೇಲೆ ಕಿಸೆಯಿಂದ ಕೀಲಿ ತೆಗೆದರು.