ಕುರಿದೊಡ್ಡಿಯಲ್ಲಿ ವಿಮಾ ಅಕ್ಕಾರು

ಮೊದಲ ಬಸ್ಸು ನಮ್ಮನ್ನು ಶಿರೂರಿನಲ್ಲಿ ಇಳಿಸಿ ಹೋದಾಗ ಇನ್ನೂ ಮಬ್ಬುಗತ್ತಲೆ. ಸೆರಗು ಬಿಗಿದು ನಡೆಯುವ ಇಂದ್ರಾಬಾಯಿಯವರ ಬಿರುಸಿಗೆ, ಅವರ ಬಗ್ಗೆ ಬರೆಯಲೆಂದು ಬಾಗಲಕೋಟೆಯಿಂದ ಜೊತೆಗೆ ಬಂದ ನಾನು ಏದುಸಿರು ಬಿಡುತ್ತಿದ್ದೇನೆ. ಓಣಿಯಲ್ಲಿ ಬಾಯಿ ಮುಕ್ಕಳಿಸುತ್ತಿದ್ದ ಒಬ್ಬಾತ ಇವರನ್ನು ಕಂಡದ್ದೇ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಾನೆ.

"ಮುಂಜಾನೆದ್ದು ಸಾವಿನ ಮಾತ ಆಡಾಕ ಬಂದ್ಲು ಅಂತಾರ್ರಿ. ಹೊತ್ತೇರಿ ಬಂದ್ರ ಮಂದಿ ಹೊಲಕ್ಕ ಹೋಗಿರ್ತಾರ. ನಾ ಏನ್ ಮಾಡ್ಲಿ?" ಎಂದು ನಗುತ್ತಾರೆ.

ಇಂದ್ರಾಬಾಯಿ ವಿಮಾ ಏಜೆಂಟರು. ಎಪ್ಪತ್ತೆರಡನೇ ಇಸವಿಯಲ್ಲಿ ಈ ಕೆಲಸಕ್ಕೆ ಇಳಿದಾಗ, ಹೆಂಗಸು ವಿಮೆ ಮಾಡಿಸುವುದೇ ಎಂದು ಮೂಗು ಮುರಿದವರೇ ಹೆಚ್ಚು. ಈಗ ಎಂಬತ್ತನಾಲ್ಕನೇ ಇಸವಿ. ಹುನಗುಂದ, ಬಾದಾಮಿಯ ಹಳ್ಳಿಗಳಲ್ಲೂ ಇವರು 'ವಿಮಾ ಅಕ್ಕಾರು'. ಸಿಗುವ ಕಮಿಷನ್ನಿನಲ್ಲಿ ಅರ್ಧ ಬಸ್ಸಿಗೇ ಹೋಗುತ್ತದೆ.

ಇಂದು ಹೊರಟಿರುವುದು ಬಂಡೆಪ್ಪನ ಮನೆಗೆ. ಇಳಕಲ್ಲಿನ ಕಲ್ಲುಗಣಿಯಲ್ಲಿ ಸಿಡಿಮದ್ದು ಸಿಡಿದು ಆತನ ಎರಡೂ ಕಣ್ಣು ಹೋಗಿವೆ. ಪಾಲಿಸಿ ಮಾಡಿಸುವಾಗಲೇ ಇವರು ಬೆನ್ನು ಬಿದ್ದು ಅಪಘಾತದ ಸೌಲಭ್ಯವನ್ನೂ ಸೇರಿಸಿದ್ದರು. ಆದರೆ ಆ ಹಣಕ್ಕೆ ಅರ್ಜಿ ಹಾಕಲು ಹೆಂಡತಿ ಸತ್ಯವ್ವ ಒಪ್ಪುತ್ತಿಲ್ಲ. ಒಂದೊಂದೇ ಕುರಿ ಮಾರಿ ಮನೆ ನಡೆಸುತ್ತಿದ್ದಾಳೆ. ಅರ್ಜಿ ಕೊಡಲು ಶನಿವಾರವೇ ಕಡೆಯ ದಿನ, ಆಮೇಲೆ ಏನೂ ಸಿಗದು.

ಮನೆ ಮುಂದಿನ ಕುರಿದೊಡ್ಡಿಯ ಬಾಗಿಲಲ್ಲೇ ಸತ್ಯವ್ವ ಅಡ್ಡ ನಿಲ್ಲುತ್ತಾಳೆ. "ಅಕ್ಕಾರ, ವಿಮಾ ರೊಕ್ಕ ಅಂದ್ರ ಸತ್ತವರ ರೊಕ್ಕ. ನನ್ನ ಗಂಡ ಒಳಗ ಕುಂತಾನ. ನಾ ಮುಟ್ಟಂಗಿಲ್ಲ."

ಇಂದ್ರಾಬಾಯಿಗೆ ಸಿಟ್ಟೂ ಇಲ್ಲ, ಅವಸರವೂ ಇಲ್ಲ. "ಸತ್ತ ಮ್ಯಾಲೆ ಬರೂದು ಬ್ಯಾರೆ ತಂಗಿ. ಇದು ಅಂವಾ ಜೀವಂತ ಇದ್ರ ಅಷ್ಟ ಬರೂದು. ತಿಂಗಳಾ ತಿಂಗಳಾ, ಅವನ ಹೆಸರಿಲೆ."

"ಮುಂದ ಪಾಲಿಸಿ ಮುಗದಾಗ ಬರೂ ರೊಕ್ಕದಾಗ ಇದನ್ನ ಮುರಕೋತಾರಲ್ಲ?"

"ಮರಿ ಮಾರಿದ್ರ ತಾಯಿಕುರಿ ಹೋಗ್ತೈತೇನು? ಪಾಲಿಸಿ ತಾಯಿ, ಇದು ಮರಿ. ಮರಿ ತಗೋ, ತಾಯಿ ದೊಡ್ಡ್ಯಾಗ ಇರ್ತೈತಿ. ಇನ್ನ ಮ್ಯಾಲೆ ಕಂತೂ ಕಟ್ಟೂದಿಲ್ಲ."

ಒಳಗಿನಿಂದ ಬಂಡೆಪ್ಪ ನಗುತ್ತಾನೆ. "ಕೇಳಿದೇನ? ರೊಕ್ಕ ಬಂದಾಗೊಮ್ಮೆ ಓಣ್ಯಾಗ ಹೇಳು, ಬಂಡೆಪ್ಪ ಇನ್ನೂ ಅದಾನಂತ."

ಸತ್ಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿಯುತ್ತಾಳೆ. ಗಂಡನ ಹೆಬ್ಬೆಟ್ಟನ್ನು ತಾನೇ ಹಿಡಿದು ಶಾಯಿಗೆ ಒತ್ತಿ, ಇಂದ್ರಾಬಾಯಿ ತೋರಿಸಿದ ಜಾಗದಲ್ಲಿ ಇಡುತ್ತಾಳೆ. ನನಗಂತೂ ಹಾಲು ಕುಡಿದಷ್ಟು ಸಂತೋಷ.

ಬಸ್ಸಿಗೆ ಕಾಯುವಾಗ, ಇನ್ನೇನು ಆಸೆ ಇದೆ ಎಂದು ಕೇಳುತ್ತೇನೆ. ಇಂದ್ರಾಬಾಯಿ ಅರ್ಜಿಯನ್ನು ಮಡಚಿ ಚೀಲದಲ್ಲಿ ಇಡುತ್ತಾರೆ.

"ನಮ್ಮ ಯಜಮಾನ್ರು ತೀರಿಕೊಂಡ ಮ್ಯಾಲೆ ಅವರ ವಿಮಾ ರೊಕ್ಕಕ್ಕ ನಾ ಸಹಿ ಮಾಡಿದಾಕಿರಿ. ನಾ ವಿಮಾ ಮಾಡಿಸಿದವ್ರು ತಮ್ಮ ರೊಕ್ಕಕ್ಕ ತಾವ ಸಹಿ ಮಾಡ್ಲಿ, ಅಷ್ಟ. ಇವತ್ತ ಬಂಡೆಪ್ಪ ಮಾಡಿದ ನೋಡ್ರಿ."