ಇದ್ದದ್ದು ಹೇಳು

ಪಾಸ್ಟರಮ್ಮನ ಎರಡು ಕಾಲಲ್ಲೂ ಒಂದೇ ಜೋಡಿಯ ಚಪ್ಪಲಿ ಇದ್ದದ್ದನ್ನು ನಾನು ನೋಡಿದ ನೆನಪಿಲ್ಲ. ಒಂದು ಕಾಲಿಗೆ ಕಂದು ಚರ್ಮದ್ದು, ಇನ್ನೊಂದಕ್ಕೆ ನೀಲಿ ಪಟ್ಟಿಯ ರಬ್ಬರಿನದು. ಹರಿದದ್ದನ್ನಷ್ಟೇ ಎಸೆದು, ಜೊತೆ ತಪ್ಪಿದ ಇನ್ನೊಂದನ್ನು ಮೂಲೆಯಿಂದ ಹುಡುಕಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು. "ಅಮ್ಮಾರ, ಚಪ್ಪಲಿ ಅದಲಾಬದಲಿ ಆಗ್ಯಾವ್ರೀ" ಎಂದು ಯಾರಾದರೂ ಚೇಷ್ಟೆ ಮಾಡಿದರೆ, "ಕಾಲು ನನ್ನವೇ ಅವ ಇಲ್ಲೋ? ಸಾಕು ಬಿಡು" ಎನ್ನುತ್ತಿದ್ದರು. ಕಮಲಾಪುರದ ನಮ್ಮ ಚರ್ಚಿನ ಬಾಗಿಲಲ್ಲಿ ಆ ಬೆಸ ಚಪ್ಪಲಿ ಕಂಡವೆಂದರೆ ಮಕ್ಕಳಾಗಿದ್ದ ನಮಗೆ ಒಳಗೆ ಬೆಲ್ಲವೋ ಶೇಂಗಾವೋ ಸಿಗುವುದು ಖಾತ್ರಿ.

ಅವರ ಗಂಡ ಆಗ ನಮ್ಮೂರ ಸಭೆಯ ಪಾಸ್ಟರು. ಭಾನುವಾರದ ಮಕ್ಕಳ ಶಾಲೆ ಮಾತ್ರ ಪಾಸ್ಟರಮ್ಮನದೇ ರಾಜ್ಯ. ಪಾಠ ಮುಗಿದ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಆ ದಿನ ನಮ್ಮ ಬಳಿ ಏನಿದೆ ಎಂದು ಹೇಳಿಸುತ್ತಿದ್ದರು. ನಾವೋ, ಹೊಸ ಅಂಗಿ ಇಲ್ಲ, ಸೈಕಲ್ ಇಲ್ಲ ಎಂದು ಶುರು ಮಾಡುವವರು. ಅವರು ತಟ್ಟನೆ ಕೈ ಎತ್ತಿ ತಡೆಯುತ್ತಿದ್ದರು. "ಇಲ್ಲದ್ದು ದೇವರಿಗೆ ಗೊತ್ತದ. ನೀ ಇದ್ದದ್ದು ಹೇಳು."

ಹೀಗೆ ನಾವು ಇದ್ದದ್ದನ್ನು ಹೇಳಲು ಕಲಿತೆವು. "ಮನ್ಯಾಗ ಪುಂಡಿಪಲ್ಯ ಅದರೀ." "ನಮ್ ಆಕಳು ಕರು ಹಾಕ್ಯಾದ್ರೀ." ಒಮ್ಮೆ ನನಗೆ ಏನೂ ಹೊಳೆಯದೆ "ಹಲ್ಲು ಅವರೀ" ಎಂದೆ. ಎಲ್ಲರೂ ನಕ್ಕರು. ಪಾಸ್ಟರಮ್ಮ ನಗಲಿಲ್ಲ. "ಹಲ್ಲಿಲ್ಲದ ನಮ್ಮ ಅತ್ತಿನ್ನ ಕೇಳು, ಅದೆಂಥಾ ಆಸ್ತಿ ಅಂತ ಹೇಳ್ತಾಳ" ಎಂದು ನನ್ನ ಬಾಯಿಗೆ ಬೆಲ್ಲದ ಚೂರು ಹಾಕಿದರು. ಜೈಲಿನಲ್ಲಿ ಕೂತು ಸಂತೋಷ ಕಲಿತ ಬೈಬಲಿನ ಪೌಲನ ಬಗ್ಗೆ ಆಮೇಲೆ ಚರ್ಚಿನಲ್ಲಿ ಎಷ್ಟೋ ಪ್ರಸಂಗ, ಬೋಧನೆ ಕೇಳಿದ್ದೇನೆ. ಆ ಬೆಲ್ಲದಷ್ಟು ಯಾವುದೂ ನನ್ನೊಳಗೆ ಇಳಿದಿಲ್ಲ.

ನಾನು ಮದುವೆಯಾಗಿ ಕಲಬುರಗಿಯ ಶಹಾಬಜಾರಿನ ಗಲ್ಲಿಯೊಂದಕ್ಕೆ ಬಂದೆ. ಪಾಸ್ಟರಿಗೂ ಅಷ್ಟರಲ್ಲಿ ನಗರಕ್ಕೇ ವರ್ಗವಾಗಿ, ಅವರು ಬ್ರಹ್ಮಪುರದಲ್ಲಿ ಮನೆ ಮಾಡಿದ್ದರು. ತವರಿನ ಒಂದು ತುಂಡು ನನಗಾಗಿಯೇ ಇಲ್ಲಿಗೆ ಬಂದಂತೆ ಆಯಿತು. ನಮ್ಮ ಮನೆಯವರು ಮಾತು ಕಡಿಮೆಯ ಮನುಷ್ಯ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಭಾನುವಾರ ಚರ್ಚಿನಲ್ಲಿ ತಬಲಾ. ಬಾಯಲ್ಲಿ ಬಾರದ್ದೆಲ್ಲ ಅವರ ಬೆರಳಲ್ಲಿ ಬರುತ್ತಿತ್ತು. ಪಾಸ್ಟರಮ್ಮ ಹಾಡು ಎತ್ತಿದರೆ ಇವರು ಅದು ಎತ್ತ ಕಡೆ ಹೋಗುತ್ತದೆಂದು ಮೊದಲೇ ತಿಳಿದವರಂತೆ ಬಾರಿಸುತ್ತಿದ್ದರು.

ಮಕ್ಕಳಾಗಲಿಲ್ಲ. ಮಂದಿ ನನ್ನನ್ನೇ ಕೇಳಿದರು, ನನ್ನ ಹೊಟ್ಟೆಯನ್ನೇ ನೋಡಿದರು. ಪರೀಕ್ಷೆ ಮಾಡಿಸಿದಾಗ ತೊಂದರೆ ಇವರಲ್ಲಿದೆ, ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಮನೆಗೆ ಬಂದು ಇವರು ಗೋಡೆಗೆ ಮುಖ ಮಾಡಿ ಮಲಗಿದರು. ಯಾರಿಗೂ ಹೇಳುವುದು ಬೇಡ ಎಂದು ನಾನೇ ಅಂದೆ. ಕೆಲವು ದಿನ ಕಳೆದ ಮೇಲೆ ಇವರೇ ಎದ್ದು ಕೂತು, "ಪಾಸ್ಟರಮ್ಮನ ಕಡಿ ಹೋಗಿ ಹೇಳೋಣು. ಒಬ್ಬರಿಗರ ಹೇಳಿದ್ರ ಎದಿ ಹಗುರ ಆಗ್ತದ" ಎಂದರು.

ಹೋದೆವು. ಅವರು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ನಮ್ಮ ಮನೆಯವರು, ಆ ಮಾತು ಕಡಿಮೆಯ ಮನುಷ್ಯ, ತಮ್ಮ ಬಾಯಿಂದಲೇ ಎಲ್ಲ ಹೇಳಿದರು. ಪಾಸ್ಟರಮ್ಮ ಹಿಟ್ಟಿನ ಕೈಯಲ್ಲೇ ಅವರ ತಲೆ ಮುಟ್ಟಿದರು. ಬೇರೆಯವರಾಗಿದ್ದರೆ ಉಪವಾಸ ಮಾಡಿರಿ, ಅದ್ಭುತವಾಗುತ್ತದೆ ಎಂದು ಆಸೆ ಹಚ್ಚುತ್ತಿದ್ದರು. ಪಾಸ್ಟರಮ್ಮ ಹಾಗೆ ಮಾಡಲಿಲ್ಲ.

"ಮಕ್ಕಳಾಗ್ತಾವ ಅಂತ ನಾ ಸುಳ್ಳ ಹೇಳಂಗಿಲ್ಲ ತಮ್ಮಾ. ನಿಮ್ಮಿಬ್ಬರ ಕಡಿ ಏನದ, ಅದನ್ನ ದಿನಾ ಒಬ್ಬರಿಗೊಬ್ಬರು ಹೇಳ್ರಿ. ದೇವರು ಕೊಟ್ಟಿದ್ದು ಕಣ್ಣಿಗೆ ಬೀಳಾಕ ಟೈಮ್ ಹಿಡೀತದ, ಅಷ್ಟೇ." ಆಮೇಲೆ ನನ್ನತ್ತ ತಿರುಗಿ, "ಈ ಮಾತು ಈ ಅಡಗಿಮನಿ ದಾಟಂಗಿಲ್ಲವ್ವಾ, ಫಿಕರ್ ಮಾಡಬ್ಯಾಡ" ಎಂದರು. ಉಳಿದ ಹಿಟ್ಟಿನಲ್ಲಿ ಅಂಗೈಯಗಲದ ಒಂದು ರೊಟ್ಟಿ ಬಡಿದು, ಎರಡು ಮಾಡಿ ಇಬ್ಬರಿಗೂ ಕೊಟ್ಟರು.

ಅಂದು ಊಟಕ್ಕೆ ಕೂತಾಗ ಇವರು ಬಹಳ ಯೋಚಿಸಿ, "ಇವತ್ತ ಅನ್ನ ಸೀದಿಲ್ಲ" ಎಂದರು. ಸಿಟ್ಟು ಬರಬೇಕಿತ್ತು, ನಗು ಬಂತು. ಅಲ್ಲಿಂದ ಅದು ನಮ್ಮ ಮನೆಯ ರೂಢಿಯಾಯಿತು. ಊಟಕ್ಕೆ ಮೊದಲು ಅವರದೊಂದು, ನನ್ನದೊಂದು. ಸುಳ್ಳು ಯಾಕೆ ಹೇಳಲಿ, ನಾವು ಖುಷಿಯಾದೆವು. ಇನ್ನೊಬ್ಬರ ಮಗುವನ್ನು ಎತ್ತಿಕೊಂಡು ಇಳಿಸುವಾಗ ಕೈ ಖಾಲಿ ಅನ್ನಿಸದ ದಿನಗಳೂ ಬಂದವು. ಅಷ್ಟು ದೊಡ್ಡದನ್ನು ಕೊಟ್ಟವರು ಪಾಸ್ಟರಮ್ಮ. ಅದಕ್ಕೇ ಮುಂದಿನದು ನನಗೆ ಇಂದಿಗೂ ನುಂಗಲಾಗದ ತುತ್ತು.

ನಮ್ಮ ಸಭೆಗಳಲ್ಲಿ ಸುಗ್ಗಿ ಹಬ್ಬದ ಆರಾಧನೆ ಎಂದರೆ ಸಂಭ್ರಮ. ಮಂದಿ ತಮ್ಮ ಹೊಲದ ಜೋಳ, ತೊಗರಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲ ತಂದು ಮುಂದೆ ಇಡುತ್ತಾರೆ. ಕಮಲಾಪುರದಲ್ಲಂತೂ ಕೆಂಪು ಬಾಳೆಯ ಗೊನೆಗಳದೇ ಸಾಲು. ಆರಾಧನೆ ಮುಗಿದ ಮೇಲೆ ಅವೆಲ್ಲ ಹರಾಜು. ನಡುವೆ ಸಾಕ್ಷಿಯ ವೇಳೆ: ದೇವರು ತಮ್ಮ ಬದುಕಿನಲ್ಲಿ ಮಾಡಿದ ಉಪಕಾರವನ್ನು ಎದ್ದು ನಿಂತು ಎಲ್ಲರೆದುರು ಹೇಳುವುದು. ಪಾಸ್ಟರಮ್ಮ ಸಾಕ್ಷಿಗೆ ಎದ್ದರೆ ಅಳುವ ಕೂಸೂ ಸುಮ್ಮನಾಗುತ್ತಿತ್ತು. ಆ ವರ್ಷ ಕಮಲಾಪುರದವರು ಹಳೆಯ ಪಾಸ್ಟರೆಂದು ಅವರ ಗಂಡನನ್ನು ಪ್ರಸಂಗಕ್ಕೆ ಕರೆದಿದ್ದರು. ನಾವೂ ತಬಲಾ ಕಟ್ಟಿಕೊಂಡು ಮೋಟರ್‌ಸೈಕಲ್ ಮೇಲೆ ಹೋದೆವು. ಹಾಡು ಮುಗಿಸಿ ನಮ್ಮ ಮನೆಯವರು ಎಲ್ಲರಿಗೆ ಮುಖ ಮಾಡಿ ತಬಲಾದ ಹಿಂದೆ ಕೂತಿದ್ದರು. ನಾನು ಹೆಂಗಸರ ಕಡೆ ನನ್ನ ಅವ್ವನ ಪಕ್ಕದಲ್ಲಿ.

ಪಾಸ್ಟರಮ್ಮ ಎದ್ದರು. ತೃಪ್ತಿಯ ವಿಷಯ ಹೇಳುತ್ತ ಹೇಳುತ್ತ ಹುರುಪೇರಿತು.

"ನಮ್ಮೊಳಗೇ ಒಂದು ಜೋಡಿ ಅದ. ಮಕ್ಕಳಾಗಂಗಿಲ್ಲ, ದೋಷ ಗಂಡನದು ಅಂತ ಡಾಕ್ಟರು ಹೇಳಿಬಿಟ್ಟಾರ. ಆದ್ರೂ ಆ ಹುಡುಗ ದೇವರ ಮುಂದ ತಬಲಾ ಬಾರಸೋದು ಬಿಟ್ಟಿಲ್ಲ. ಆ ಹುಡುಗಿ ನಗೋದು ಬಿಟ್ಟಿಲ್ಲ. ತೃಪ್ತಿ ಅಂದ್ರ ಅದು!"

ಯಾರೋ "ಆಮೆನ್" ಅಂದರು. ಆಮೇಲೆ ತಲೆಗಳು ಒಂದೊಂದಾಗಿ ತಬಲಾದ ಕಡೆ ತಿರುಗಿದವು. ನಮ್ಮ ಮನೆಯವರ ಕೈ ಇನ್ನೂ ತಬಲಾದ ಮೇಲೇ ಇತ್ತು. ಅವ್ವ ನನ್ನನ್ನು ನೋಡಿದಳು, ನಾನು ಜಮಖಾನೆಯನ್ನು ನೋಡಿದೆ. ಇವರು ಎದ್ದು, ಯಾರ ಕಾಲೂ ತುಳಿಯದಂತೆ ನಿಧಾನಕ್ಕೆ ನಡೆದು ಹೊರಗೆ ಹೋದರು.

ಹರಾಜಿನ ಹೊತ್ತಿಗೆ ಹೆಂಗಸರು ನನ್ನ ಕೈ ಹಿಡಿದು, "ಭಾಳ ಸಹನಿ ಉಳ್ಳಾಕಿ ಇದ್ದೀಯವ್ವಾ" ಅಂದರು. ನನ್ನ ಗಂಡ ನಾನು ಸಹಿಸಬೇಕಾದ ರೋಗ ಎಂಬಂತೆ! ತಬಲಾ ಎತ್ತಿಕೊಂಡು ಹೊರಗೆ ಬಂದು ನೋಡಿದರೆ ಇವರು ಮೋಟರ್‌ಸೈಕಲ್ಲಿನ ಸೀಟು ಒರೆಸುತ್ತಿದ್ದರು. ಧೂಳೇ ಇರಲಿಲ್ಲ. ಮನೆಗೆ ಬಂದವರೇ ತಬಲಾಕ್ಕೆ ಹಳೆಯ ಚಾದರ ಸುತ್ತಿ ಅಲಮಾರಿಯ ಮೇಲೆ ಇಟ್ಟರು. ಚರ್ಚು ಬಿಟ್ಟರು, ನಾನೂ ಬಿಟ್ಟೆ.

ಪಾಸ್ಟರಮ್ಮ ಒಂದು ದಿನ ಕೆಂಪು ಬಾಳೆಹಣ್ಣು ಹಿಡಿದುಕೊಂಡು ನಮ್ಮ ಗಲ್ಲಿಗೆ ಬಂದರು. ನಾನು ಬಾಗಿಲಲ್ಲೇ ನಿಂತೆ.

"ಯಾಕವ್ವಾ, ಪ್ರಾರ್ಥನಿಗೆ ಬರವಲ್ರಿ ಇಬ್ಬರೂ?"

"ನಮ್ಮ ಮಾತು ಮಂದಿ ಮುಂದ ಯಾಕ ಆಡಿದ್ರೀ?"

"ಅಯ್ಯ, ಹೆಸರು ಹೇಳಿಲ್ಲಲ್ಲ!"

"ತಬಲಾ ಬಾರಸೋರು ಅಂದ್ರಿ. ಸಭಿಯೊಳಗ ತಬಲಾ ಬಾರಸೋರು ಎಷ್ಟು ಮಂದಿ ಅದಾರ್ರೀ?"

ಅವರು ನಿಜಕ್ಕೂ ತಬ್ಬಿಬ್ಬಾದರು. "ಹೊಗಳಾಕತ್ತಿದ್ನಲ್ಲವ್ವಾ ನಿಮ್ಮನ್ನ. ದೇವರ ಮಹಿಮಿಗಂತ ಹೇಳಿದೆ."

"ಇಲ್ಲದ್ದು ದೇವರಿಗೆ ಮೊದಲೇ ಗೊತ್ತಿತ್ತಲ್ರೀ ಅಮ್ಮಾ. ಕಮಲಾಪುರಕ್ಕ ಗೊತ್ತಿರಲಿಲ್ಲ."

ಅವರು ಬಾಳೆಹಣ್ಣು ಕಟ್ಟೆಯ ಮೇಲಿಟ್ಟು, ಬೆಸ ಚಪ್ಪಲಿ ಮೆಟ್ಟಿಕೊಂಡು ಹೋದರು. ತಪ್ಪಾಯಿತು ಅನ್ನಲಿಲ್ಲ. ಆ ಹಣ್ಣನ್ನು ನಾವು ತಿನ್ನಲಿಲ್ಲ, ಗಲ್ಲಿಯ ಎಮ್ಮೆಗೆ ಹಾಕಿದೆ.

ಕೆಟ್ಟವರಿಂದ ಆಗಿದ್ದರೆ ಬೈದು ಮರೆಯಬಹುದಿತ್ತು. ನಮ್ಮ ಗುಟ್ಟು ಹೊರಬಿದ್ದದ್ದು ದೊಡ್ಡದಲ್ಲ, ನಮ್ಮ ಖುಷಿಯನ್ನೇ ಒಯ್ದು ಹರಾಜಿನ ಸಾಮಾನಿನ ಜೊತೆ ಇಟ್ಟುಬಿಟ್ಟರಲ್ಲ! ಆಮೇಲೆ ನಾಲ್ಕು ಜನರ ಮುಂದೆ ನಾನು ನಕ್ಕರೆ ಅದು ನಗುವಾಗಿ ಉಳಿಯಲಿಲ್ಲ, ತೃಪ್ತಿಗೆ ಉದಾಹರಣೆಯಾಯಿತು. ನಾನು ಮಂದಿಯ ಮುಂದೆ ನಗುವುದನ್ನೇ ಕಡಿಮೆ ಮಾಡಿದೆ.

ಹೋದ ವರ್ಷ ಪಾಸ್ಟರಮ್ಮ ತೀರಿಕೊಂಡರು. ನಿವೃತ್ತರಾಗಿದ್ದ ಪಾಸ್ಟರು ಇವರಿಗೆ ಫೋನ್ ಮಾಡಿ, "ಆಕಿ ಹಾಡು ನೀವು ಬಾರಸಿದ್ರೇ ಬರಾಬರ್ ಆಗ್ತದ ತಮ್ಮಾ" ಎಂದರು. ಇವರು ತಬಲಾ ಇಳಿಸಿ, ಧೂಳು ಝಾಡಿಸಿ ಹೊರಟರು. ನನಗೆ ಮೈಯೆಲ್ಲ ಉರಿಯಿತು. ಮಾನ ಹೋದದ್ದು ಇವರದು, ಕ್ಷಮಿಸಲಿಕ್ಕೆ ಹೊರಟವರೂ ಇವರೇ. ಸುಮ್ಮನೆ ಹಿಂದೆ ಹೋದೆ.

ಸಮಾಧಿಯ ಕೆಲಸ ಮುಗಿದ ಮೇಲೆ ಪಾಸ್ಟರು ನನ್ನ ಬಳಿ ಬಂದರು. "ಆ ಸುಗ್ಗಿ ಹಬ್ಬ ಆದ ಮ್ಯಾಲ ಆಕಿ ಯಾವ ಸಭಿಯೊಳಗೂ ಸಾಕ್ಷಿಗೆ ಎದ್ದು ನಿಂತಿಲ್ಲವ್ವಾ. ಮಂದಿ ಎಷ್ಟು ಕರದ್ರೂ, ನನ್ನ ಬಾಯಿ ಮ್ಯಾಲ ನನಗ ಭರವಸಿ ಇಲ್ಲ ಅಂತಿದ್ದಳು."

ಸಾಕ್ಷಿ ಎಂದರೆ ಅವರಿಗೆ ಜೀವ. ಅದನ್ನೇ ಬಿಟ್ಟಿದ್ದರು. ಆದರೂ, ಬ್ರಹ್ಮಪುರದಿಂದ ಶಹಾಬಜಾರು ಎಷ್ಟು ದೂರ? ಅಷ್ಟು ವರ್ಷ ಎಲ್ಲರ ಮುಂದೆ ಸುಮ್ಮನಿರುವ ಬದಲು ಇನ್ನೊಮ್ಮೆ ನಮ್ಮ ಬಾಗಿಲಿಗೆ ಬಂದು ತಪ್ಪಾಯಿತು ಅನ್ನಬಹುದಿತ್ತಲ್ಲ.

ಅಂದು ಸಂಜೆ ರೊಟ್ಟಿ ಬಡಿದೆ. ಊಟಕ್ಕೆ ಕೂತೆವು. ಏನೇ ಆದರೂ ಈ ಒಂದು ರೂಢಿಯನ್ನು ನಾವು ಬಿಟ್ಟಿರಲಿಲ್ಲ.

"ಇವತ್ತ ನಾ ತಬಲಾ ಬಾರಸಿದೆ" ಎಂದರು ಇವರು. ಎಷ್ಟೋ ವರ್ಷದ ಮೇಲೆ ಬಾರಿಸಿ ಬೆರಳು ಕೆಂಪಾಗಿದ್ದವು. "ನಿನ್ನ ಕಡಿ ಏನದ?"

ನಾನು ಹಿಟ್ಟಿನ ಕೈ ನೋಡಿಕೊಂಡೆ. ಏನಾದರೊಂದು ಒಳ್ಳೆಯದು ಹೇಳಬೇಕೆಂದು ಹುಡುಕಿದೆ. ಸುಳ್ಳು ಹೇಳಲು ಪಾಸ್ಟರಮ್ಮ ಕಲಿಸಿರಲಿಲ್ಲ.

"ಸಿಟ್ಟದ" ಎಂದೆ. "ಅಮ್ಮನ ಮ್ಯಾಲಿನ ಸಿಟ್ಟು ಇನ್ನೂ ಹಂಗೇ ಅದ."

ಇವರು ತಲೆಯಾಡಿಸಿದರು. ತಟ್ಟೆಯ ಕೊನೆಯಲ್ಲಿದ್ದ ಅಂಗೈಯಗಲದ ರೊಟ್ಟಿಯನ್ನು ಎರಡು ಮಾಡಿ, ಒಂದು ತುಂಡು ನನ್ನ ಕಡೆ ಸರಿಸಿದರು.

"ಇರಲಿ. ಇದ್ದದ್ದು ಹೇಳಿದಿ. ಈಗ ಊಟ ಮಾಡು."