ಮಗ್ಗ ನಿಂತ ದಿನದ ಮಾತು

ಗಜೇಂದ್ರಗಡದ ನಮ್ಮ ನೇಕಾರ ಓಣಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು ಮೆಲ್ಲಗೆ ಮಾತಾಡಿ ಬದುಕಲಾರ. ಎರಡೂ ಬದಿಗೆ ಮಗ್ಗಗಳು. ಗಿರಾಕಿ ಕೂಗಿ ಕೇಳಬೇಕು, ನಾನು ಕೂಗಿ ಹೇಳಬೇಕು. ಮನೆಗೆ ಹೋದರೂ ಅದೇ ಗಂಟಲು. ಜಗಳಕ್ಕೆ ಬಂದಿರೇನು ಎಂದು ನನ್ನ ಹೆಂಡತಿ ಕೌಸರ ಕೇಳುತ್ತಾಳೆ. ಆದರೆ ಗಂಟಲಿನ ವಿಷಯದಲ್ಲಿ ನಾನು ಅಂಗಡಿಯ ಎದುರು ಮನೆಯ ದ್ರಾಕ್ಷಾಯಣಿಗೆ ಸಾಟಿಯಲ್ಲ. ತೊಟ್ಟಿಲಲ್ಲಿದ್ದಾಗಲೂ ಮಗ್ಗದ ಸದ್ದಿನ ಮೇಲೆ ದನಿ ಏರಿಸಿ ಅತ್ತವಳು ಅವಳು. ಈಗ ಇಪ್ಪತ್ತರ ಹುಡುಗಿ. ಪಿಯುಸಿ ಮುಗಿಸಿ ಅಪ್ಪ ಈಶಪ್ಪನ ಪಕ್ಕದ ಮಗ್ಗಕ್ಕೆ ಕೂತಿದ್ದಾಳೆ. ಆ ಮಗ್ಗ ಮೊದಲು ಅವಳ ಅವ್ವ ರೇಣವ್ವನದಾಗಿತ್ತು. ರೇಣವ್ವ ತೀರಿಕೊಂಡು ಒಂದು ವರ್ಷ ದಾಟಿದೆ.

ದ್ರಾಕ್ಷಾಯಣಿಗೆ ಊರಲ್ಲಿ ಗೆಳತಿಯರು ಉಳಿದಿಲ್ಲ. ಒಬ್ಬಳು ಮದುವೆಯಾಗಿ ನರೇಗಲ್ಲಿಗೆ ಹೋದಳು, ಇನ್ನೊಬ್ಬಳು ಕೊಣ್ಣೂರಿಗೆ. ಇವಳ ಗೆಳೆತನವೆಲ್ಲ ಫೋನಿನಲ್ಲಿ. ಯಾವುದೋ ದೇಶದ ರೇಡಿಯೋದವರು ಜಗತ್ತಿನ ಹುಡುಗ ಹುಡುಗಿಯರಿಂದ ಮಾತು ತರಿಸಿಕೊಂಡು ಪ್ರಸಾರ ಮಾಡುತ್ತಾರೆ. ದೊಡ್ಡವರು ನಡುವೆ ಬಾಯಿ ಹಾಕುವುದಿಲ್ಲ. ನಿನ್ನ ಬದುಕು, ನಿನ್ನ ಭಾಷೆ, ನೀನೇ ಹೇಳು ಎನ್ನುತ್ತಾರೆ. ಕೀನ್ಯಾದ ಹುಡುಗನೊಬ್ಬ ಬತ್ತಿದ ಕೆರೆಯ ಬಗ್ಗೆ ಹೇಳಿದ್ದ. ಪೆರು ದೇಶದ ಹುಡುಗಿಯೊಬ್ಬಳು ಬಸ್ಸು ಹೋಗದ ಶಾಲೆಯ ಬಗ್ಗೆ ಹೇಳಿದ್ದಳು. ದ್ರಾಕ್ಷಾಯಣಿ ಅವರ ಮಾತನ್ನು ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದಳು, ಅವರನ್ನು ಹೆಸರು ಹಿಡಿದು ನೆನೆಯುತ್ತಿದ್ದಳು. ಎದುರಿಗೇ ಇರುವ ನನಗಿಂತ ಅವರ ಸುದ್ದಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಅವಳ ಸರದಿ ಬಂತು. ಹಿಂದೆ ಯಾವ ಸದ್ದೂ ಇರಬಾರದು ಎಂಬುದು ರೇಡಿಯೋದವರ ಒಂದೇ ಷರತ್ತು. ನಮ್ಮ ಓಣಿಗೆ ಈ ಷರತ್ತು ಹಾಕಿದವರು ಪುಣ್ಯವಂತರು. ಅವಳು ಅಮಾವಾಸ್ಯೆಗೆ ಕಾಯ್ದಳು. ಅಮಾವಾಸ್ಯೆಗೆ ಇಲ್ಲಿ ಮಗ್ಗಕ್ಕೆ ರಜೆ. ಒರೆಸಿ, ಪೂಜೆ ಮಾಡಿ, ಕಾಯಿ ಒಡೆದರೆ ಮುಗಿಯಿತು, ಮರುದಿನದವರೆಗೆ ಯಾರೂ ಲಾಳಿ ಮುಟ್ಟುವುದಿಲ್ಲ. ಇಡೀ ಓಣಿ ಬಾಯಿ ಮುಚ್ಚಿಕೊಳ್ಳುವ ದಿನ ಅದೊಂದೇ.

ರೆಕಾರ್ಡು ಮಾಡಿ ಕಳಿಸಿದ್ದು ತಿರುಗಿ ಬಂತು. ಮಾತು ಚೆನ್ನಾಗಿದೆ, ಆದರೆ ದನಿ ಒಡೆಯುವಷ್ಟು ಜೋರು, ಫೋನಿನ ಸಮೀಪ ಕೂಗಬೇಡ ಎಂದಿದ್ದರು. ಮತ್ತೆ ಹೇಳಬೇಕೆಂದರೆ ಇನ್ನೊಂದು ಅಮಾವಾಸ್ಯೆ ಬರಬೇಕಿತ್ತು. ಅದಕ್ಕೇ ನನ್ನ ಅಂಗಡಿಗೆ ತಂದಳು, ಕಂಪ್ಯೂಟರಿಗೆ ಹಾಕಿ ದನಿ ಇಳಿಸಿಕೊಟ್ಟೆ. ಇಳಿಸಬೇಕಾದರೆ ಕೇಳಲೇಬೇಕಲ್ಲ, ಕೇಳಿದೆ.

ಅವ್ವ ಹೋದ ಮೇಲೆ ಅಪ್ಪ ಮನೆಯಲ್ಲಿ ಮಾತು ಬಿಟ್ಟಿದ್ದಾನೆ, ಮಗ್ಗ ನಡೆಯುವಾಗ ಅದು ಗೊತ್ತಾಗುವುದಿಲ್ಲ ಎಂದು ಹೇಳಿದ್ದಳು. ಅಮಾವಾಸ್ಯೆಯ ದಿನ ಅಪ್ಪ ಪೂಜೆ ಮುಗಿಸಿದವನೇ ಕಾಲಕಾಲೇಶ್ವರದ ಗುಡ್ಡಕ್ಕೆ ಹೋಗುತ್ತಾನೆ, ಕತ್ತಲಾದ ಮೇಲೆ ಬರುತ್ತಾನೆ. ಅವ್ವ ಇಲ್ಲದ ಮನೆಯಲ್ಲಿ ಸುಮ್ಮನೆ ಕೂರುವುದು ಅವನಿಂದ ಆಗುವುದಿಲ್ಲ. ನನ್ನಿಂದಲೂ ಆಗುವುದಿಲ್ಲ, ನನ್ನನ್ನೂ ಕರೆದುಕೊಂಡು ಹೋಗು ಎಂದು ಅವನಿಗೆ ಹೇಳಬೇಕೆಂದಿದ್ದೇನೆ, ಹೇಳಲು ಬಾಯಿ ಬರುತ್ತಿಲ್ಲ. ಇಷ್ಟೇ ಅವಳ ಮಾತು. ಇದನ್ನು ಅಪ್ಪನಿಗೇ ಹೇಳಬಾರದೇ ಎಂದು ಕೇಳಿದೆ.

"ಅಪ್ಪಗ ನಾ ಹೇಳೂದಿಲ್ಲ ಕಾಕಾ. ರೇಡಿಯೋದಾಗ ಬಂದಾಗ ತಾನ ಕೇಳಲಿ," ಎಂದಳು.

ಪ್ರಸಾರದ ಸಂಜೆ ನನ್ನ ಅಂಗಡಿಯ ಮುಂದೆ ಜನ ಕೂಡಿದರು. ಫೋನಿಗೆ ದೊಡ್ಡ ಸ್ಪೀಕರ್ ಹಚ್ಚಿದೆ. ಈಶಪ್ಪನೂ ಬಂದು ಎಲ್ಲರ ಹಿಂದೆ ಕಂಬಕ್ಕೆ ಆತು ನಿಂತ. ದ್ರಾಕ್ಷಾಯಣಿ ಅವನ ಮುಖವನ್ನೇ ನೋಡುತ್ತಿದ್ದಳು. ಮೊದಲು ಅವಳ ದನಿ ಬಂತು: "ಇವತ್ತ ಅಮಾಸಿ. ಮನ್ಯಾಗ ನಾ ಒಬ್ಬಾಕಿನ ಅದೀನಿ." ಓಣಿಯವರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಅವಳ ದನಿ ತಗ್ಗಿತು, ಅದರ ಮೇಲೆ ಬೇರೊಬ್ಬ ಹೆಂಗಸು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಕೊನೆಯವರೆಗೂ ಅವಳೇ. ಕೆಳಗೆಲ್ಲೋ ನಮ್ಮ ಹುಡುಗಿ ಗುಂಯ್‌ಗುಡುತ್ತಿದ್ದಳು, ಒಂದು ಅಕ್ಷರ ತಿಳಿಯಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅವರ ಕೇಳುಗರಿಗೆ ಕನ್ನಡ ಬಾರದು, ಅವರದೂ ತಪ್ಪಲ್ಲ ಬಿಡಿ. ಆದರೂ ಆ ಹುಡುಗಿ ಅಪ್ಪನಿಗೆ ಹೇಳಬೇಕೆಂದದ್ದು ಈಗ ಜಗತ್ತಿಗೆಲ್ಲ ಗೊತ್ತು, ಅವಳ ಅಪ್ಪನಿಗೊಬ್ಬನಿಗೆ ಗೊತ್ತಿಲ್ಲ.

ಏನು ಹೇಳಿದೆ ಎಂದು ಜನ ಕೇಳಿದಾಗ ದ್ರಾಕ್ಷಾಯಣಿ ಮಗ್ಗದ ಬಗ್ಗೆ ಎಂದಳು. ಈಶಪ್ಪ ಆಗಲೇ ಕಂಬ ಬಿಟ್ಟು ಮನೆಗೆ ಹೊರಟಿದ್ದ.

ಮುಂದಿನ ಅಮಾವಾಸ್ಯೆ ಬಂತು. ಈಶಪ್ಪ ಪೂಜೆ ಮುಗಿಸಿದ, ಹೆಗಲಿಗೆ ಟವೆಲ್ ಹಾಕಿಕೊಂಡು ಹೊಸ್ತಿಲಿಗೂ ಬಂದ. ಅಲ್ಲೇ ನಿಂತ. ತಿರುಗಿ ಒಳಗೆ ಹೋಗಿ ಮಗ್ಗದ ಪಕ್ಕ ಕೂತ. ಅಪ್ಪ ಮಗಳು ಎದುರುಬದುರು ಕೂತು ನೆಲ ನೋಡುತ್ತಿದ್ದರು. ಅಂಗಡಿಯಲ್ಲಿ ಕೂತ ನನಗೆ ಅದನ್ನು ನೋಡಲಾಗಲಿಲ್ಲ, ನೋಡದಿರಲೂ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಅವನೇ ರಸ್ತೆ ದಾಟಿ ಬಂದ. ಕೈಯಲ್ಲಿ ಮಗಳ ಫೋನಿತ್ತು.

"ಒಬ್ಬಾಕಿನ ಅದೀನಿ ಅಂದ ಮ್ಯಾಲ ಮುಂದ ಏನಂದಿ ಅಂತ ಕೇಳಿದ್ನೋ ಜಹೀರ. ಬಾಯಿ ಬಿಡವಲ್ಲಳು. ಇದನ್ನ ಕೊಟ್ಟು ಹಿತ್ತಲಕ್ಕ ಹೋದ್ಳು. ನನಗ ಹಚ್ಚಾಕ ಬರೂದಿಲ್ಲ."

ಅವಳು ಮೊದಲು ಮಾಡಿದ್ದ ರೆಕಾರ್ಡನ್ನೇ ಹುಡುಕಿ ಹಚ್ಚಿಕೊಟ್ಟೆ, ದನಿ ಇಳಿಸದೇ ಇದ್ದದ್ದನ್ನು. ನಾನು ಕಟ್ಟೆಗೆ ಬಂದು ನಿಂತೆ. ಹೊರಗೂ ಕೇಳಿಸುತ್ತಿತ್ತು. ಸದ್ದಿಲ್ಲದ ಓಣಿಯಲ್ಲಿ ಆ ಹುಡುಗಿ ಗಂಟಲು ಹರಿಯುವಂತೆ ಹೇಳುತ್ತಿದ್ದಳು. ಮುಗಿದ ಮೇಲೂ ಈಶಪ್ಪ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ನಾನು ಒಳಗೆ ಹೋದಾಗ ಅವನ ಗಡ್ಡ ಒದ್ದೆಯಾಗಿತ್ತು.

"ಮಗ್ಗ ನಿಂತಿತ್ತಲ್ಲೋ ಅವತ್ತ," ಎಂದ. "ಮನ್ಯಾಗ ಯಾರೂ ಇದ್ದಿದ್ದಿಲ್ಲ. ಇಷ್ಟ ಜೋರ ಯಾರಿಗೆ ಹೇಳತಿದ್ಲು?"

"ನಿಮಗರಿ ಈಶಪ್ಪಣ್ಣ," ಎಂದೆ.

ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದ. ಎದುರು ಮನೆಯ ಬಾಗಿಲು ತೆರೆದೇ ಇತ್ತು. ಹಿತ್ತಲಿನಿಂದ ಮಗಳು ಬಂದು ಗೋಡೆಗೆ ಆತು ನಿಂತಳು. ಅವನು ಏನೋ ಕೇಳಿದ, ಅವಳು ಏನೋ ಹೇಳಿದಳು. ಓಣಿಯಲ್ಲಿ ಒಂದೂ ಮಗ್ಗ ನಡೆಯುತ್ತಿರಲಿಲ್ಲ, ಆದರೂ ಒಂದು ಮಾತೂ ನನಗೆ ಕೇಳಿಸಲಿಲ್ಲ. ಆ ಮನೆಯವರಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.